ಹಳೇ ಡಿಬೇಸ್ ಫೈಲ್ ಬಿಚ್ಚಿ ಓದೋದು ಹೇಗೆ?

ಚಿಕ್ಕಮಗಳೂರಿನ ಕಡೆ ಹಳೇ ಕಾಫಿ ತೋಟದ ಆಫೀಸುಗಳಲ್ಲಿ ಡಾಸ್ ಕಾಲದ, ಅಂದ್ರೆ ವಿಂಡೋಸ್‌ಗೂ ಹಿಂದಿನ ಕಂಪ್ಯೂಟರಿನ ಲೆಕ್ಕ ಇನ್ನೂ ಡಿಬಿಎಫ್ ಫೈಲಾಗಿ ಬಿದ್ದಿರುತ್ತೆ. ಡಿಬೇಸ್ ಅನ್ನೋ ಹಳೇ ಡೇಟಾಬೇಸ್ ಸಾಫ್ಟ್‌ವೇರ್ ಪಟ್ಟಿಗಳನ್ನ ಇಡ್ತಿದ್ದ ಫೈಲು ಅದು. ಅದನ್ನ ನೋಟ್‌ಪ್ಯಾಡಲ್ಲಿ ತೆಗೆದು, ಮೇಲೆ ಕಾಣೋ ಕಸ ಅಳಿಸಿ ಸೇವ್ ಮಾಡೋರನ್ನ ನೋಡಿ ನೋಡಿ ಸಾಕಾಗಿದೆ. ಆ ಕಸನೇ ಸ್ವಾಮಿ ಹೆಡರ್ರು, ಒಳಗೆ ಏನು ಹೇಗಿದೆ ಅಂತ ಹೇಳೋ ತಲೆಭಾಗ!

ಮೊದ್ಲು ಕಾಪಿ ಮಾಡ್ಕೊಳ್ಳಿ, ಕಾಪಿನ ಹೆಕ್ಸ್ ಎಡಿಟರಲ್ಲಿ ತೆಗೀರಿ, ಅದು ಫೈಲಿನ ಒಂದೊಂದು ಬೈಟನ್ನೂ ಹದಿನಾರರ ಲೆಕ್ಕದ (ಹೆಕ್ಸ್) ಎರಡಂಕಿಯಾಗಿ ತೋರಿಸುತ್ತೆ. ಫ್ರೀ ಎಡಿಟರ್ ಸಾಕು, ದುಡ್ಡು ಕೇಳೋ ರಿಪೇರಿ ಸಾಫ್ಟ್‌ವೇರ್ ಬೇಡವೇ ಬೇಡ.

ಮೊದಲ ಬೈಟ್ 03 ಇದ್ರೆ ಅದು 1984ರಲ್ಲಿ ಆಷ್ಟನ್-ಟೇಟ್ ಕಂಪನಿ ತಂದ ಡಿಬೇಸ್ 3ರ ನಮೂನೆ. 02 ಇದ್ರೆ ಡಿಬೇಸ್ 2, ಅದರ ಹೆಡರ್ರೇ ಬೇರೆ, ಇಲ್ಲಿ ಹೇಳೋದು ನಡೆಯಲ್ಲ. ಮುಂದಿನ ಮೂರು ಬೈಟ್ ಕೊನೇ ಸಲ ತಿದ್ದಿದ ವರ್ಷ, ತಿಂಗಳು, ದಿನ. ಹೆಕ್ಸಲ್ಲಿ 59 ಅಂದ್ರೆ 89, ಅಂದ್ರೆ 1989.

ಆಮೇಲಿನ ನಾಲ್ಕು ಬೈಟ್ ರೆಕಾರ್ಡ್, ಅಂದ್ರೆ ಪಟ್ಟಿಯ ಸಾಲು, ಎಷ್ಟು ಅನ್ನೋದು. 14 02 00 00 ಅಂತಿದ್ರೆ ಹಾಗೇ ಓದಿದೋರಿಗೆ 33 ಕೋಟಿ ಚಿಲ್ಲರೆ ಸಿಗುತ್ತೆ, ತೋಟ ಎಷ್ಟೇ ದೊಡ್ಡದಿರಲಿ ಅಷ್ಟು ಇರಲ್ಲ. ಇಲ್ಲಿ ಚಿಕ್ಕ ಬೆಲೆಯ ಬೈಟ್ ಮೊದಲು, ಹಿಂದಿನಿಂದ ಓದಿ: 0214, ಅಂದ್ರೆ 532. ನಂತರ ಎರಡೆರಡು ಬೈಟಲ್ಲಿ ಹೆಡರ್ ಉದ್ದ, ರೆಕಾರ್ಡ್ ಉದ್ದ, ಅವೂ ಹೀಗೇ ತಿರುಗುಮುರುಗು.

33ನೇ ಬೈಟಿಂದ ಒಂದೊಂದು ಕಾಲಮ್ಮಿಗೆ 32 ಬೈಟ್: ಹೆಸರಿಗೆ 11, ಆಮೇಲೆ ಸಿ (ಅಕ್ಷರ), ಎನ್ (ಅಂಕಿ), ಡಿ (ತಾರೀಖು) ಥರ ಒಂದಕ್ಷರ, 17ನೇದು ಅಗಲ.

ಈಗ ಎಲ್ಲರೂ ಎಡವೋ ಜಾಗ. ಉದಾಹರಣೆಗೆ ಕಾಲಮ್ಮುಗಳ ಅಗಲ ಹೆಸರು 20, ಊರು 15, ಚೀಲ 4, ತೂಕ 8, ತಾರೀಖು 8, ಕೂಡಿದ್ರೆ 55. ಆದ್ರೆ ಹೆಡರ್ ರೆಕಾರ್ಡ್ ಉದ್ದ 56 ಅನ್ನುತ್ತೆ. ಪಟ್ಟಿಯಲ್ಲೇ ಇಲ್ಲದ ಆ ಒಂದು ಬೈಟ್ ಪ್ರತಿ ರೆಕಾರ್ಡಿನ ಮುಂದೆ ಕೂತಿರುತ್ತೆ, ಅದನ್ನ ಬಿಟ್ರೆ ಮೊದಲ ಸಾಲಲ್ಲೇ 12 ಚೀಲದ 2 ಹೋಗಿ ತೂಕಕ್ಕೆ ಸೇರ್ಕೊಳ್ಳುತ್ತೆ, ಸಾಲು ಸಾಲಿಗೂ ಇನ್ನೊಂದೊಂದು ಮನೆ ಜಾರುತ್ತೆ. ಆ ಬೈಟ್ ಖಾಲಿ ಇದ್ರೆ ರೆಕಾರ್ಡ್ ಜೀವಂತ, ನಕ್ಷತ್ರ ಚಿಹ್ನೆ ಇದ್ರೆ ತೋಟದ ರೈಟರು (ಗುಮಾಸ್ತರು) ಡಿಲೀಟ್ ಮಾಡಿದ್ದು. ಡಿಬೇಸಲ್ಲಿ ಅಂಥವನ್ನ ನಿಜವಾಗಿ ತೆಗೆಯೋ ಪ್ಯಾಕ್ ಕಮಾಂಡ್ ಕೊಡೋವರೆಗೂ ಅದು ಫೈಲಲ್ಲೇ ಇರುತ್ತೆ, ಅದನ್ನೂ ಸೇರಿಸಿ ಕೂಡಿ ಟೋಟಲ್ ತಾಳೆಯಾಗಲ್ಲ ಅಂತ ಒದ್ದಾಡ್ಬೇಡಿ.

ತಾಳೆ ನೋಡಿ: ಐದು ಕಾಲಮ್ಮಿನ ಹೆಡರ್ 193 (ಮೊದಲ 32, ಐದು ಸಲ 32, ಹೆಡರ್ ಮುಗೀತು ಅನ್ನೋ ಗುರುತು 1), 532 ಸಲ 56, ಫೈಲಿನ ಕೊನೇ ಗುರುತು 1, ಒಟ್ಟು ಫೈಲಿನ ಗಾತ್ರ 29986 ಬೈಟ್. ಕೆಲವು ಫೈಲಲ್ಲಿ ಹೆಡರ್ 194 ಇರುತ್ತೆ, ಅದಕ್ಕೇ ಹೆಡರಲ್ಲಿ ಬರೆದಿದ್ದನ್ನೇ ನಂಬಿ.

ಅಂಕಿ, ತಾರೀಖು ಎಲ್ಲಾ ಬರೀ ಟೆಕ್ಸ್ಟು, ಕತ್ತರಿಸಿ ಶೀಟಿಗೆ ಹಾಕಿ. ಮೊದಲ ಬೈಟ್ 83 ಇದ್ರೆ ಮಾತ್ರ ಉದ್ದನೆಯ ಟಿಪ್ಪಣಿಗಳು ಡಿಬಿಟಿ ಅನ್ನೋ ಜೋಡಿ ಫೈಲಲ್ಲಿರುತ್ತೆ, ಅದೂ ಆ ಫ್ಲಾಪಿಯಲ್ಲೇ ಇದೆಯಾ ಹುಡುಕಿ.