ಯಾರೂ ಓಗೊಡದ ಕರೆ

ಕಲಬುರಗಿಯ ನೆಹರು ಗಂಜಿನಲ್ಲಿ ನಮ್ಮ ಕಾಕಾ ಅವರ ಅಡತ್ (ದಲ್ಲಾಳಿ) ಅಂಗಡಿ ಇದೆ. ತೊಗರಿ ಬರುವ ದಿನಗಳಲ್ಲಿ ಅಲ್ಲಿ ಕುಡಿಯುವ ಚಹಾದಲ್ಲೂ ಧೂಳು ತೇಲುತ್ತದೆ. ಅಂಥ ಜಾಗದಲ್ಲಿ 2008ರಲ್ಲಿ ಕೊಂಡ ಕಂಪ್ಯೂಟರ್ ಇಷ್ಟು ವರ್ಷ ಬಾಳಿದ್ದೇ ದೊಡ್ಡದು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ಆಮೇಲೆ ಯಾವಾಗಲೋ ಹಾಕಿಸಿದ ವಿಂಡೋಸ್ 7. ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತುಹೋಗಿತ್ತು. ಹೊಸದನ್ನು ತರೋಣ ಎಂದರೆ ಕಾಕಾ ಒಪ್ಪಲಿಲ್ಲ. ಅವರ ಜೀವ ಇದ್ದದ್ದು ಕಂಪ್ಯೂಟರಿನ ಮೇಲಲ್ಲ, ಪಕ್ಕದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮೇಲೆ. ಕಾರ್ಬನ್ ಹಾಳೆ ಇಟ್ಟರೆ ಒಂದೇ ಸಲಕ್ಕೆ ಮೂರು ಪಟ್ಟಿ: ರೈತನಿಗೊಂದು, ಖರೀದಿದಾರನಿಗೊಂದು, ಅಂಗಡಿಗೊಂದು. ಆ ಪ್ರಿಂಟರಿಗೆ ಪ್ಯಾರಲಲ್ ಪೋರ್ಟ್ ಬೇಕು, ಹಳೆಯ ಪ್ರಿಂಟರುಗಳ ಕೇಬಲ್ ಸಿಕ್ಕಿಸುವ ಕಿಂಡಿ. ಮದರ್‌ಬೋರ್ಡಿನಲ್ಲಿದ್ದ ಪೋರ್ಟ್ ಕೆಟ್ಟಾಗ ಯಾರೋ ಅದೇ ಪೋರ್ಟ್ ಇರುವ ಒಂದು ಪಿಸಿಐ ಕಾರ್ಡನ್ನು ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸಿ ಕೊಟ್ಟಿದ್ದರು.

ಲೆಕ್ಕದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು, ವಿಂಡೋಸ್ ಬದಲು ಡೆಬಿಯನ್ 12 ಎಂಬ ಲಿನಕ್ಸ್ ಹಾಕಲು ಕುಳಿತೆ. ಮೇ ತಿಂಗಳು, ಹೊರಗೆ 42 ಡಿಗ್ರಿ ಬಿಸಿಲು. “ಮುದಿ ಎತ್ತಿಗೆ ಹೊಸ ನೊಗ ಕಟ್ಟುತ್ತೀಯೇನು?” ಎಂದು ಕಾಕಾ ಗದ್ದಿಗೆಯ ಮೇಲಿನಿಂದಲೇ ನಕ್ಕರು.

ಮೊದಲ ಎರಡು ತೊಡಕುಗಳು ಸಣ್ಣವು. ಡೆಬಿಯನ್ ತುಂಬಿದ್ದ ಪೆನ್‌ಡ್ರೈವಿನಿಂದ ಯಂತ್ರ ಬೂಟ್ ಆಗಲಿಲ್ಲ. ಆ ಕಾಲದ ಬಯಾಸ್ (ಯಂತ್ರ ಹಚ್ಚಿದಾಗ ಮೊದಲು ಏಳುವ ತಂತ್ರಾಂಶ) ಪೆನ್‌ಡ್ರೈವನ್ನೂ ಹಾರ್ಡ್‌ಡಿಸ್ಕ್ ಪಟ್ಟಿಯೊಳಗೇ ಸೇರಿಸಿಟ್ಟಿತ್ತು, ಅಲ್ಲಿ ಹೋಗಿ ಮೇಲಕ್ಕೆ ತಂದೆ. ಗಡಿಯಾರ ಇನ್ನೂ 2008ರಲ್ಲೇ ಇತ್ತು. ಹಾಗೆ ಬಿಟ್ಟರೆ ಇನ್‌ಸ್ಟಾಲರ್ ಅಂತರ್ಜಾಲದ ಭಂಡಾರವನ್ನು ನಂಬುವುದಿಲ್ಲ, ‘ಈ ಫೈಲಿನ ದಿನಾಂಕ ಇನ್ನೂ ಬಂದಿಲ್ಲ’ ಎಂದು ತಳ್ಳಿಬಿಡುತ್ತದೆ. ಗಡಿಯಾರಕ್ಕೆ ಜೀವ ಕೊಡುವ ಸಿಆರ್2032 ಸೆಲ್ ಬದಲಿಸಿದೆ, ತಾರೀಖು ತಿದ್ದಿದೆ.

ನಿಜವಾದ ಕಾಟ ಆಮೇಲೆ ಶುರುವಾಯಿತು. ಇನ್‌ಸ್ಟಾಲ್ ಚೆನ್ನಾಗಿಯೇ ಓಡುತ್ತಿತ್ತು, ಕೆಲವು ನಿಮಿಷಗಳಾದ ಮೇಲೆ ಇದ್ದಕ್ಕಿದ್ದಂತೆ ಆಮೆಯಾಯಿತು. ನಿಲ್ಲುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ. ಮೂರು ಸಲ ಮೊದಲಿನಿಂದ ಮಾಡಿದೆ, ಮೂರು ಸಲವೂ ಅದೇ ಗತಿ. ಎಲ್ಲರಂತೆ ನಾನೂ ಮೊದಲು ರ‍್ಯಾಮ್ ಮೇಲೆ ಗುಮಾನಿಪಟ್ಟೆ. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ; ನಡುವೆ ಕರೆಂಟ್ ಹೋಗಿ ಮತ್ತೆ ಮೊದಲಿನಿಂದ ಓಡಿಸಬೇಕಾಯಿತು. ಒಂದು ದೋಷವೂ ಸಿಗಲಿಲ್ಲ. ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್ ಬದಲಿಸಿದೆ. ಬೇರೆ ಪೆನ್‌ಡ್ರೈವ್ ತಂದೆ. ಎರಡು ದಿನ ಹೀಗೆ ಹಾಳಾಯಿತು. ಮೊದಲ ದಿನವೇ ಲಾಗ್, ಅಂದರೆ ಯಂತ್ರ ಬರೆದಿಡುವ ಸಂದೇಶಗಳನ್ನು, ನೋಡಬೇಕಿತ್ತು, ನೋಡಲಿಲ್ಲ. ಆ ತಪ್ಪು ನನ್ನದೇ.

ಡೆಬಿಯನ್ ಇನ್‌ಸ್ಟಾಲರಿನಲ್ಲಿ ಕಂಟ್ರೋಲ್, ಆಲ್ಟ್, ಎಫ್4 ಒಟ್ಟಿಗೆ ಒತ್ತಿದರೆ ತೆರೆಯ ಹಿಂದಿನ ಸಂದೇಶಗಳು ಕಾಣುತ್ತವೆ. ಅಲ್ಲಿ ಈ ಸಾಲಿತ್ತು: ‘ಐಆರ್‌ಕ್ಯೂ 18: ನೋಬಡಿ ಕೇರ್ಡ್’. ಕರೆಗೆ ಯಾರೂ ಓಗೊಡಲಿಲ್ಲ ಎಂದು. ಅದರ ಕೆಳಗೆ, 18ನೆಯ ಐಆರ್‌ಕ್ಯೂವನ್ನು ಬಂದ್ ಮಾಡಿದ್ದೇನೆ ಎಂಬ ಮಾತು.

ಐಆರ್‌ಕ್ಯೂ ಎಂದರೆ ಬಿಡಿಭಾಗಗಳು ಪ್ರೊಸೆಸರನ್ನು ಕರೆಯುವ ಗಂಟೆ. ಹಳೆಯ ಬೋರ್ಡುಗಳಲ್ಲಿ ಗಂಟೆಗಳು ಕಡಿಮೆ, ಕರೆಯುವವರು ಹೆಚ್ಚು. ಆದ್ದರಿಂದ ಎರಡು ಮೂರು ಭಾಗಗಳು ಒಂದೇ ಹಗ್ಗವನ್ನು ಎಳೆಯುತ್ತವೆ. ಗಂಟೆ ಬಾರಿಸಿದಾಗ ಆ ಹಗ್ಗಕ್ಕೆ ಸೇರಿದ ಡ್ರೈವರುಗಳು (ಒಂದೊಂದು ಭಾಗವನ್ನು ನಡೆಸುವ ತಂತ್ರಾಂಶಗಳು) ‘ಕರೆದದ್ದು ನನ್ನವನೇ?’ ಎಂದು ನೋಡಿಕೊಳ್ಳಬೇಕು. ಒಂದು ಲಕ್ಷ ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಕರೆಗಳಿಗೆ ದಿಕ್ಕಿಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಆ ಗಂಟೆಯನ್ನೇ ಕಟ್ಟಿಹಾಕುತ್ತದೆ. ಒಂದು ಲಕ್ಷ ಎಂದರೆ ದೊಡ್ಡದೆನಿಸುತ್ತದೆ, ಕೆಟ್ಟ ಕಾರ್ಡೊಂದಕ್ಕೆ ಅದು ಕ್ಷಣಗಳ ಕೆಲಸ.

ಲಾಗಿನಲ್ಲಿ ಆ ಗಂಟೆಯ ಡ್ರೈವರ್ ಎಂದು ಇದ್ದದ್ದು ಯುಎಸ್‌ಬಿಯದೊಂದೇ. ಹಾಗಾದರೆ ಗಂಟೆ ಬಾರಿಸುತ್ತಿದ್ದವರು ಯಾರು? ಪ್ರಿಂಟರಿನ ಕಾರ್ಡ್. ಇನ್‌ಸ್ಟಾಲ್ ಹೊತ್ತಿನಲ್ಲಿ ಅದರ ಡ್ರೈವರ್ ಇನ್ನೂ ಎದ್ದಿರಲಿಲ್ಲ, ಕಾರ್ಡ್ ಮಾತ್ರ ಸುಮ್ಮನೆ ಕೂಗುತ್ತಿತ್ತು. ಗಂಟೆ ಕಟ್ಟಿದಾಗ ಅದೇ ಹಗ್ಗದಲ್ಲಿದ್ದ ಯುಎಸ್‌ಬಿಯೂ ಮೂಕವಾಯಿತು, ಅದರೊಂದಿಗೆ ನನ್ನ ಪೆನ್‌ಡ್ರೈವೂ.

ಯಂತ್ರ ಏಳುವಾಗ ಕರ್ನೆಲ್‌ಗೆ ಕೊಡುವ ಬೂಟ್ ಸಾಲಿಗೆ ‘ಐಆರ್‌ಕ್ಯೂಪೋಲ್’ ಎಂದು ಸೇರಿಸಿದರೆ ನಡೆಯಿತು. ಆದರೆ ಆಗ ದಿಕ್ಕಿಲ್ಲದ ಪ್ರತಿ ಕರೆಗೂ, ಯಂತ್ರದ ಗಡಿಯಾರದ ಪ್ರತಿ ಮಿಡಿತಕ್ಕೂ ಕರ್ನೆಲ್ ಮನೆಮನೆ ಬಾಗಿಲು ತಟ್ಟಿ ವಿಚಾರಿಸಬೇಕು, ಯಂತ್ರ ಏದುಸಿರು ಬಿಡುತ್ತದೆ. ಹಲವರು ಅಲ್ಲಿಗೇ ಬಿಡುತ್ತಾರೆ, ನನಗೆ ಅದು ಒಗ್ಗಲಿಲ್ಲ. ಪ್ಲಗ್ ಕಿತ್ತು, ಪೆಟ್ಟಿಗೆ ಬಿಚ್ಚಿದೆ. ಒಳಗೆ ಬೆರಳು ದಪ್ಪದ ಹೊಟ್ಟಿನ ಹಾಸು. ಬಣ್ಣದ ಕುಂಚದಿಂದ ಗುಡಿಸಿ ಕಾರ್ಡನ್ನು ಹೊರತೆಗೆದೆ. ಅದಿಲ್ಲದೆ ಇನ್‌ಸ್ಟಾಲ್ ಒಂದೇ ಗುಕ್ಕಿಗೆ ಮುಗಿಯಿತು.

ಆಮೇಲೆ ಅದನ್ನು ಪಕ್ಕದ ಸ್ಲಾಟಿಗೆ ಹಾಕಿದೆ. ಪಿಸಿಐ ಸ್ಲಾಟುಗಳ ತಂತಿಗಳನ್ನು ಬೋರ್ಡಿನಲ್ಲಿ ಒಂದೊಂದಕ್ಕೆ ಒಂದೊಂದು ರೀತಿ ಜೋಡಿಸಿರುತ್ತಾರೆ, ಜಾಗ ಬದಲಾದರೆ ಗಂಟೆಯೂ ಬದಲಾಗುತ್ತದೆ. ಬಯಾಸ್‌ನಲ್ಲಿ ಯಾರೂ ಬಳಸದ ಸೀರಿಯಲ್ ಪೋರ್ಟ್ ಮತ್ತು ಫ್ಲಾಪಿಯನ್ನು ಬಂದ್ ಮಾಡಿದೆ; ಅದು ಬೇಕಿತ್ತೋ ಇಲ್ಲವೋ, ಮನಸ್ಸಿನ ಸಮಾಧಾನಕ್ಕೆ. ಕಾರ್ಡುಗಳ ವಿವರ ತೋರಿಸುವ ‘ಎಲ್‌ಎಸ್‌ಪಿಸಿಐ -ವಿ’ ಆದೇಶ ಕೊಟ್ಟು ನೋಡಿದರೆ ಕಾರ್ಡ್ ಈಗ 17ನೆಯ ಗಂಟೆಯಲ್ಲಿತ್ತು, ಒಂಟಿಯಾಗಿ.

ಪ್ರಿಂಟರಿಗೆ ಎಪ್ಸನ್ 9 ಪಿನ್ ಡ್ರೈವರ್ ಆರಿಸಿ ಒಂದು ಪಟ್ಟಿ ಹೊಡೆಸಿದೆ. ಕರ್ರೋ ಎಂದು ಸದ್ದು ಬಂದಾಗ ಬಾಗಿಲಲ್ಲಿ ಚೀಲ ಇಳಿಸುತ್ತಿದ್ದ ಹಮಾಲರೂ ಒಮ್ಮೆ ತಿರುಗಿ ನೋಡಿದರು. ಕಾಕಾ ಮೂರನೆಯ ಪ್ರತಿಯನ್ನೇ ಎತ್ತಿ ಬೆಳಕಿಗೆ ಹಿಡಿದು, ಅಂಕಿ ಮೂಡಿದೆಯೇ ಎಂದು ಪರೀಕ್ಷಿಸಿದರು. ನಾನು ಪೆಟ್ಟಿಗೆ ಮುಚ್ಚುವ ಮೊದಲು ಖಾಲಿ ಸ್ಲಾಟಿನ ಪಕ್ಕದ ತಗಡಿನ ಮೇಲೆ ಮಾರ್ಕರ್‌ನಿಂದ ಬರೆದೆ: ‘ಇಲ್ಲಿ ಕಾರ್ಡ್ ಹಾಕಬೇಡಿ’.