ಮತ ಹಾಕುವ ಮೊದಲು ಅಭ್ಯರ್ಥಿಯ ಪ್ರಮಾಣಪತ್ರ ಓದುವುದು ಹೇಗೆ

ಶಾಸಕರಿಗೆ ಕನಿಷ್ಠ ವಿದ್ಯಾರ್ಹತೆ ಬೇಕೋ ಬೇಡವೋ ಎಂಬ ಮಾತು ಜಯನಗರದ ನಮ್ಮ ವಾಕಿಂಗ್ ಗುಂಪಿನಲ್ಲಿ ಪ್ರತಿ ಚುನಾವಣೆಗೂ ಏಳುತ್ತದೆ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು; ಪದವಿಯನ್ನು ಸಂವಿಧಾನ ಕೇಳುವುದಿಲ್ಲ. ಪಂಚಾಯಿತಿಗೆ ನಿಲ್ಲುವವರಿಗೆ ಹರಿಯಾಣ 2015ರಲ್ಲಿ ವಿದ್ಯಾರ್ಹತೆಯ ಜೊತೆಗೆ ಮನೆಯಲ್ಲಿ ಶೌಚಾಲಯವನ್ನೂ ಕಡ್ಡಾಯ ಮಾಡಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಂಥ ಬೇಲಿ ನನಗೆ ಒಪ್ಪಿಗೆಯಿಲ್ಲ. ಓದಿದವರೆಲ್ಲ ಸಭ್ಯರು ಎನ್ನುವವರು ಒಮ್ಮೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗೆ ಬರಲಿ. ಅರ್ಹತೆಯನ್ನು ನೀವೇ ಅಳೆಯಿರಿ. ಅಳತೆಗೋಲು ನಮೂನೆ 26ರಲ್ಲಿ, ಅಂದರೆ ಅಭ್ಯರ್ಥಿಯ ಅಫಿಡವಿಟ್‌ನಲ್ಲಿದೆ.

ನಾಮಪತ್ರದೊಂದಿಗೆ ಸಲ್ಲಿಸುವ ಈ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ವಿದ್ಯಾರ್ಹತೆಯ ಅಂಕಣವನ್ನು ಕೊನೆಗೆ ನೋಡಿ.

ಮೊದಲು ಕ್ರಿಮಿನಲ್ ಪ್ರಕರಣಗಳು. ಸಂಖ್ಯೆ ಎಣಿಸಿ ಗಾಬರಿಯಾಗಬೇಡಿ. ನಿಷೇಧಾಜ್ಞೆ ಮುರಿದು ಧರಣಿ ಕೂತದ್ದಕ್ಕೂ, ಖೋಟಾ ದಾಖಲೆಯಿಂದ ಬೇರೆಯವರ ನಿವೇಶನ ನುಂಗಿದ ಆರೋಪಕ್ಕೂ ವ್ಯತ್ಯಾಸವಿದೆ. ಯಾವ ಕಲಮು, ನ್ಯಾಯಾಲಯ ದೋಷಾರೋಪ ಹೊರಿಸಿದೆಯೇ ಎಂಬುದನ್ನು ನೋಡಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಕಾನೂನೇ ಅನರ್ಹಗೊಳಿಸುತ್ತದೆ. ವಿಚಾರಣೆ ಬಾಕಿಯಿದ್ದರೆ ತೂಗಿನೋಡುವ ಕೆಲಸ ನಿಮ್ಮದು.

ಇನ್ನು ಆಸ್ತಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದವಳಾದ್ದರಿಂದ ನನ್ನ ಕಣ್ಣು ಇಲ್ಲೇ ನಿಲ್ಲುತ್ತದೆ. ಜಮೀನಿನ ಸಾಲಿನಲ್ಲಿ ಸರ್ವೆ ನಂಬರು, ಕೊಂಡ ದಿನಾಂಕ, ಕೊಂಡ ಬೆಲೆ, ಈಗಿನ ಮಾರುಕಟ್ಟೆ ಬೆಲೆ ಇರುತ್ತವೆ. ದೇವನಹಳ್ಳಿಯಲ್ಲೋ ಆನೇಕಲ್‌ನಲ್ಲೋ ಎರಡು ಎಕರೆ ಇದ್ದರೆ, ಆ ದಿನಾಂಕದಲ್ಲಿ ಅಭ್ಯರ್ಥಿ ಯಾವ ಹುದ್ದೆಯಲ್ಲಿದ್ದರು ಎಂದು ಕೇಳಿಕೊಳ್ಳಿ. ಸಂಗಾತಿ, ಅವಲಂಬಿತರು, ಅವಿಭಕ್ತ ಕುಟುಂಬದ ಅಂಕಣಗಳನ್ನು ಬಿಡಲೇಬೇಡಿ. ಗಂಡನ ಹೆಸರಿನಲ್ಲಿ ಒಂದು ಸ್ಕೂಟರು, ಹೆಂಡತಿಯ ಹೆಸರಿನಲ್ಲಿ ವಾಣಿಜ್ಯ ಸಂಕೀರ್ಣ ಇರುವುದುಂಟು. ಐದು ವರ್ಷಗಳ ಆದಾಯವೂ ಅಲ್ಲಿಯೇ ನಮೂದಾಗಿರುತ್ತದೆ. ಹಿಂದಿನ ಚುನಾವಣೆಯ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟು, ಹೆಚ್ಚಿದ ಆಸ್ತಿಯಲ್ಲಿ ಹಳೆಯ ಜಮೀನಿನ ಬೆಲೆಯೇರಿಕೆ ಎಷ್ಟು, ಹೊಸ ಖರೀದಿ ಎಷ್ಟು ಎಂದು ಬೇರ್ಪಡಿಸಿ. ಹೊಸ ಖರೀದಿಗೆ ಆ ಆದಾಯವಾಗಲಿ, ತೋರಿಸಿದ ಸಾಲವಾಗಲಿ ಸಾಲದಿದ್ದರೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಸರ್ಕಾರಿ ಬಾಕಿಯ ಅಂಕಣವನ್ನೂ ನೋಡಿ: ಸರ್ಕಾರಿ ಮನೆಯ ಬಾಡಿಗೆ, ನೀರು, ವಿದ್ಯುತ್, ಆಸ್ತಿ ತೆರಿಗೆ. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಎಂದು ಕಾನೂನಿನಲ್ಲಿದೆ.

ಅಭ್ಯರ್ಥಿ ಕೈಮುಗಿದು ಬಾಗಿಲಿಗೆ ಬಂದಾಗ ಚೀಟಿ ತೆಗೆದು ಒಂದೇ ಪ್ರಶ್ನೆ ಕೇಳಿ, ಪುಟದ ಸಂಖ್ಯೆಯ ಸಮೇತ. ಹಿಂಬಾಲಕರು "ಅಮ್ಮಾ, ಹೊತ್ತಾಯಿತು" ಎಂದು ಅವಸರಪಡಿಸುತ್ತಾರೆ. ಗೇಟು ತೆರೆಯುವ ಮುನ್ನವೇ ಕೇಳುವುದು ವಾಸಿ.