ಕ್ಷೌರದ ಕತ್ತಿ: ಕೊಳ್ಳುವ ಮೊದಲು, ಕೆನ್ನೆಗಿಡುವ ಮೊದಲು

ಸ್ಟ್ರೇಟ್ ರೇಜರ್, ಅಂದರೆ ಮಡಚುವ ಕ್ಷೌರದ ಕತ್ತಿ, ಶುರು ಮಾಡಿ ಎರಡೇ ವಾರಕ್ಕೆ ಬಿಟ್ಟವರನ್ನು ಕೇಳಿ ನೋಡಿ. ಕೂದಲು ಕಿತ್ತು ಬಂತು, ಮುಖವೆಲ್ಲ ಉರಿ ಎದ್ದಿತು, ಇದು ನಮಗಾಗುವ ಕೆಲಸ ಅಲ್ಲ ಬಿಡಿ ಅನ್ನುತ್ತಾರೆ. ಕೈ ಪಳಗದೆ ಹಾಗಾಯಿತು ಅಂತ ಅವರು ಅಂದುಕೊಂಡಿರುತ್ತಾರೆ. ಹೆಚ್ಚಿನ ಸಲ ಕೊರತೆ ಇರುವುದು ಕತ್ತಿಯಲ್ಲಿ. ಮೊಂಡು ಕತ್ತಿ ಕೊಟ್ಟರೆ ಎಂಥ ಪಳಗಿದ ಕೈಗೂ ಗಡ್ಡ ಹೆರೆಯಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಮತ್ತೆ ಮತ್ತೆ ಕತ್ತಿಯ ಬಾಯಿಯ, ಅಂದರೆ ಹರಿತ ಅಂಚಿನ, ಮಾತೇ ಬರುತ್ತದೆ. ದುಡ್ಡನ್ನೂ ಗಮನವನ್ನೂ ಅಲ್ಲಿಗೆ ಹಾಕಿ. ಹಿಡಿ ಕೊಂಬಿನದೋ ಪ್ಲಾಸ್ಟಿಕ್ಕಿನದೋ ಅನ್ನುವುದು ಆಮೇಲಿನ ಮಾತು.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ ಒಂದು ಕಾರಣ ಹೇಳುತ್ತೇನೆ. ಮೂರು, ಐದು ಬ್ಲೇಡಿನ ಕಾರ್ಟ್ರಿಡ್ಜ್‌ನಲ್ಲಿ ಮುಂದಿನ ಬ್ಲೇಡ್ ಕೂದಲನ್ನು ಸ್ವಲ್ಪ ಮೇಲೆಳೆಯುತ್ತದೆ, ಹಿಂದಿನದು ಕತ್ತರಿಸುತ್ತದೆ, ಕತ್ತರಿಸಿದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿಯುತ್ತದೆ. ಗುಂಗುರು ಗಡ್ಡದವರಿಗೆ ಅದು ಒಳಗೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಒಂದೇ ಅಲಗಿನ ಕತ್ತಿಯಲ್ಲಿ ಈ ತೊಂದರೆ ತುಂಬಾ ಕಡಿಮೆ. ಜೊತೆಗೆ, ಸರಿಯಾಗಿ ನೋಡಿಕೊಂಡ ಕತ್ತಿ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ. ಎಸೆಯುವುದು ಅಂತ ಏನೂ ಇರುವುದಿಲ್ಲ.

ಕತ್ತಿ ಯಾವುದು, ಶಾವೆಟ್ ಯಾವುದು

ಕಟಿಂಗ್ ಶಾಪ್‌ನಲ್ಲಿ ಈಗ ಸಾಮಾನ್ಯವಾಗಿ ನೋಡುವುದು ನಿಜವಾದ ಕ್ಷೌರದ ಕತ್ತಿ ಅಲ್ಲ, ಬರೀ ಹಿಡಿ. ಎರಡು ಬಾಯಿಯ ಬ್ಲೇಡನ್ನು ಕಾಗದದ ಸಮೇತ ಮಧ್ಯಕ್ಕೆ ಮುರಿದು ಅರ್ಧವನ್ನು ಅದಕ್ಕೆ ಸಿಕ್ಕಿಸುತ್ತಾರೆ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತದಿಂದ ಹರಡುವ ಕಾಯಿಲೆಗಳು, ಆದ್ದರಿಂದ ಅಂಗಡಿಯಲ್ಲಿ ಹಾಗೇ ಆಗಬೇಕು. ಇದೇ ಕಾರಣಕ್ಕೆ ಮನೆಯಲ್ಲೂ ಒಬ್ಬರ ಕತ್ತಿಯನ್ನು ಇನ್ನೊಬ್ಬರು ಮುಟ್ಟಬಾರದು, ಅಣ್ಣ ತಮ್ಮಂದಿರಾದರೂ ಸರಿ.

ಈ ಬ್ಲೇಡ್ ಹಾಕುವ ನಮೂನೆಗೆ ಶಾವೆಟ್ ಅನ್ನುತ್ತಾರೆ. ಕಡಿಮೆ ಬೆಲೆಗೆ ಸಿಗುತ್ತದೆ, ಮಸೆಯುವ ತಲೆನೋವಿಲ್ಲ, ಹಾಗಾಗಿ ಮೊದಲು ಇದರಲ್ಲಿ ಕಲಿಯೋಣ ಅಂತ ಬಹಳ ಜನಕ್ಕೆ ಅನ್ನಿಸುತ್ತದೆ. ಕಲಿಯಬಹುದು, ಆದರೆ ಇದು ಕತ್ತಿಗಿಂತ ಸುಲಭ ಅಂತ ಮಾತ್ರ ತಿಳಿಯಬೇಡಿ. ಬ್ಲೇಡಿನ ಮೂಲೆಗಳು ಚೂಪು, ಹಿಡಿಯಲ್ಲಿ ತೂಕ ಇಲ್ಲ, ಕೈ ಒಂಚೂರು ಒತ್ತಿದರೂ ಗಾಯ. ಶಾವೆಟ್‌ನಲ್ಲಿ ಕೊಯ್ದುಕೊಂಡು ಸ್ಟ್ರೇಟ್ ರೇಜರ್ ಸಹವಾಸವೇ ಬೇಡ ಅನ್ನುವುದು ನ್ಯಾಯ ಅಲ್ಲ.

ಕೊಳ್ಳುವಾಗ ಏನು ನೋಡಬೇಕು

ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. ಹೊಸಬರಿಗೆ 5/8, ಅಂದರೆ ಸುಮಾರು 16 ಮಿಲಿಮೀಟರ್, ಸರಿಯಾದ ಅಳತೆ. 6/8 ಕೂಡ ಆಗುತ್ತದೆ, ಅದು ಸ್ವಲ್ಪ ತೂಕ, ಮೂಗಿನ ಕೆಳಗೆ ತಿರುಗಿಸಲು ಕಷ್ಟ. ತುದಿ ದುಂಡಗೆ ಇರಲಿ. ಚೌಕ ತುದಿ ನೋಡಲು ಚೆಂದ, ಕಿವಿಯ ಹತ್ತಿರ ಗೆರೆ ತೆಗೆಯಲು ಅನುಕೂಲ, ಆದರೆ ಕಲಿಯುವಾಗ ಚುಚ್ಚುವುದು ಅದೇ. ಉಕ್ಕು ಕಾರ್ಬನ್ನಿನದಾದರೆ ಮಸೆಯಲು ಸುಲಭ, ಬಾಯಿ ನಯವಾಗಿ ಬರುತ್ತದೆ, ಆದರೆ ತುಕ್ಕು ಬೇಗ. ಮಂಗಳೂರು, ಕಾರವಾರದಂಥ ಕಡಲ ತೀರದಲ್ಲಿರುವವರು ಸ್ಟೇನ್‌ಲೆಸ್ ತೆಗೆದುಕೊಂಡರೆ ಮಳೆಗಾಲದಲ್ಲಿ ನಿಶ್ಚಿಂತೆ.

ಇನ್ನೊಂದು, ಅಲಗಿನ ಎರಡೂ ಕಡೆ ಎಷ್ಟು ಕೊರೆದು ತೆಳುವಾಗಿಸಿದ್ದಾರೆ ಅನ್ನುವುದು. ಪೂರ್ತಿ ಕೊರೆದದ್ದಕ್ಕೆ ಫುಲ್ ಹಾಲೋ ಅನ್ನುತ್ತಾರೆ. ಇದರ ಅಲಗು ಎಷ್ಟು ತೆಳುವೆಂದರೆ ಗಡ್ಡ ಕತ್ತರಿಸುವಾಗ ಸಣ್ಣಗೆ ಝಿಣಿ ಝಿಣಿ ದನಿ ಕೇಳಿಸುತ್ತದೆ. ಆ ದನಿ ಬಹಳ ಉಪಯೋಗದ್ದು. ದನಿ ಒಂದೇ ಸಮ ಇದ್ದರೆ ಕೋನ ಸರಿ ಇದೆ, ಕರಕರ ಅಂದರೆ ಕೈ ತಪ್ಪಿದೆ ಅಥವಾ ಬಾಯಿ ಮೊಂಡಾಗಿದೆ. ಹೊಸಬರಿಗೆ ನಾನು ಫುಲ್ ಹಾಲೋ ಅನ್ನೇ ಹೇಳುವುದು ಇದಕ್ಕಾಗಿ.

ಈಗ ಊರುಗಳ ಮಾತು. ಕ್ಷೌರದ ಕತ್ತಿಗೆ ಹೆಸರಾದ ಊರು ಜರ್ಮನಿಯ ಸೋಲಿಂಗನ್. ಸೋಲಿಂಗನ್ ಅಂತ ಮುದ್ರೆ ಒತ್ತಬೇಕಾದರೆ ಮುಖ್ಯ ಕೆಲಸ ಅಲ್ಲೇ ಆಗಿರಬೇಕು ಅಂತ ಅಲ್ಲಿ ಕಾನೂನೇ ಇದೆ. ಡೋವೋ, ಬೋಕರ್, ರಾಲ್ಫ್ ಔಸ್ಟ್ ಅಲ್ಲಿಯ ಕಂಪನಿಗಳು. ಫ್ರಾನ್ಸಿನ ಟಿಯೇರ್ ಊರಿನಲ್ಲಿ ಟಿಯೇರ್ ಇಸಾರ್ ಇದೆ, 1884ರಿಂದ. ಹೊಸದಕ್ಕೆ ನಮ್ಮ ದುಡ್ಡಿನಲ್ಲಿ ಹತ್ತು ಸಾವಿರ ದಾಟುವುದು ಸಾಮಾನ್ಯ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಮರದ ಹಿಡಿ, ಹೊಳೆಯುವ ಗೆರೆ ಗೆರೆ ಅಲಗು, ಚರ್ಮದ ಚೀಲ ಎಲ್ಲ ಸೇರಿಸಿ ಮಾರುತ್ತಾರಲ್ಲ, ಅದನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಮೆದು ಉಕ್ಕು, ಸೊಟ್ಟ ಅಲಗು, ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ. ಮೊದಲ ಕತ್ತಿಯೇ ಅದಾದರೆ ನಿಮ್ಮ ಆಸೆ ಅಲ್ಲಿಗೇ ಮುಗಿಯುತ್ತದೆ.

ಬಜೆಟ್ ಕಡಿಮೆ ಇದ್ದರೆ ಹಳೆಯ ಕತ್ತಿಯೇ ಒಳ್ಳೆಯ ದಾರಿ. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳು ನಮ್ಮಲ್ಲೂ ಅಲ್ಲಲ್ಲಿ ಸಿಗುತ್ತವೆ, ಅಜ್ಜನ ಟ್ರಂಕಿನಲ್ಲಿ, ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ನಲ್ಲಿ. ಮುದ್ರೆಯಲ್ಲಿ ಊರಿನ ಜೊತೆ ಇಂಗ್ಲೆಂಡ್ ಅಂತಲೂ ಇದ್ದರೆ ಅದು ಸಾಮಾನ್ಯವಾಗಿ 1890ರ ನಂತರದ್ದು, ಯಾಕೆಂದರೆ ಆ ವರ್ಷ ಅಮೆರಿಕ ತಂದ ಸುಂಕದ ಕಾಯ್ದೆ ಆಮದು ಮಾಲಿನ ಮೇಲೆ ದೇಶದ ಹೆಸರು ಇರಲೇಬೇಕು ಅಂದಿತು. ಬೆಳಕಿಗೆ ಹಿಡಿದು ಬಾಯಿಯ ಉದ್ದಕ್ಕೂ ನೋಡಿ. ಬೆನ್ನಿನ, ಅಂದರೆ ಬಾಯಿಯ ಎದುರಿನ ದಪ್ಪ ಅಂಚಿನ, ಹತ್ತಿರ ತುಕ್ಕಿನ ಕಲೆ ಇದ್ದರೆ ಚಿಂತೆ ಇಲ್ಲ. ಬಾಯಿಯ ಅಂಚಿನಲ್ಲೇ ತುಕ್ಕು ತಿಂದ ಗುಳಿ, ಕೂದಲೆಳೆಯಷ್ಟು ಬಿರುಕು, ಇಲ್ಲವೇ ಬಾಯಿ ಮಧ್ಯದಲ್ಲಿ ಒಳಕ್ಕೆ ಸವೆದಿರುವುದು ಕಂಡರೆ ಬಿಟ್ಟುಬಿಡಿ. ಸ್ವಲ್ಪ ಹೊರಕ್ಕೆ ಬಾಗಿದ್ದರೆ ಪರವಾಗಿಲ್ಲ. ಮನೆಗೆ ತಂದ ಮೇಲೆ ಸೋಪು ನೀರಿನಲ್ಲಿ ತೊಳೆದು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಕುದಿಸಬೇಡಿ, ಹಿಡಿ ಹಾಳಾಗುತ್ತದೆ.

ಬಾಯಿ ಕಟ್ಟುವುದು

ಹೊಸ ಕತ್ತಿಯಾದರೂ ಪೆಟ್ಟಿಗೆಯಿಂದ ತೆಗೆದ ತಕ್ಷಣ ಶೇವ್‌ಗೆ ತಯಾರಿರುತ್ತದೆ ಅಂತ ನಂಬಬೇಡಿ. ಮಾರುವವರನ್ನು ಕೇಳಿ, ಕೈಯಲ್ಲಿ ಮಸೆದು ಪರೀಕ್ಷೆ ಮಾಡಿ ಕಳಿಸುತ್ತೀರಾ ಅಂತ. ಹೌದು ಅಂದರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಅಲ್ಲೇ ಕೊಳ್ಳಿ.

ಮಸೆಯುವ ರೀತಿ ಅರ್ಥ ಆದರೆ ಮಾರುವವರ ಮಾತು ಅಳೆಯಲು ಬರುತ್ತದೆ. ಕ್ಷೌರದ ಕತ್ತಿಯ ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರುವಂತೆ ಮಲಗಿಸಿ ಉಜ್ಜುತ್ತಾರೆ, ಆದ್ದರಿಂದ ಕೋನ ತಾನಾಗಿಯೇ ಕೂರುತ್ತದೆ. 1000 ನಂಬರಿನ ಕಲ್ಲಿನಲ್ಲಿ ಬಾಯಿ ಕಟ್ಟಿ, 4000, 8000 ದಾಟಿ, 12000ದಲ್ಲಿ ನಯ ಮಾಡುತ್ತಾರೆ. ನಂಬರ್ ಹೆಚ್ಚಾದಷ್ಟೂ ಕಲ್ಲು ನಯ. ಬೆಲ್ಜಿಯಂನ ಕೋಟಿಕ್ಯೂಲ್ ಅನ್ನುವ ಹಳದಿ ಕಲ್ಲು ಹಿಂದಿನಿಂದಲೂ ಇದಕ್ಕೆ ಹೆಸರುವಾಸಿ. ಈ ಕೆಲಸ ಮೊದಲ ವರ್ಷ ಬಲ್ಲವರಿಗೇ ಬಿಡಿ. ಹಾಗಂತ ಬೀದಿಯಲ್ಲಿ ಸೈಕಲ್ ತುಳಿದು ಚಾಕು, ಕತ್ತರಿ ಸಾಣೆ ಹಿಡಿಯುವವರ ಕೈಗೆ ಕೊಡಬೇಡಿ. ಅವರ ಚಕ್ರ ಅಡುಗೆಮನೆ ಚಾಕುವಿಗೆ ಸರಿ. ಕಿಡಿ ಹಾರುವ ಆ ಬಿಸಿಗೆ ತೆಳು ಅಲಗಿನ ಹದವೇ ಹೋಗುತ್ತದೆ, ಆಮೇಲೆ ಅದನ್ನು ಯಾರೂ ಸರಿ ಮಾಡಲಾರರು.

ನೀವು ಕಲಿಯಲೇಬೇಕಾದದ್ದು ಸ್ಟ್ರಾಪ್, ಅಂದರೆ ಕತ್ತಿ ಉಜ್ಜುವ ಚರ್ಮದ ಪಟ್ಟಿ, ಜೊತೆಗೆ ಬಟ್ಟೆಯದೂ ಇರುತ್ತದೆ. ಪ್ರತಿ ಶೇವ್‌ಗೂ ಮೊದಲು ಬಟ್ಟೆಯ ಕಡೆ 20–30 ಸಲ, ಚರ್ಮದ ಕಡೆ 50–60 ಸಲ. ಪಟ್ಟಿಯನ್ನು ಒಂದು ಕೊಕ್ಕೆಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಿರಿ, ಜೋತು ಬಿದ್ದರೆ ಬಾಯಿ ದುಂಡಗಾಗುತ್ತದೆ. ಕತ್ತಿಯನ್ನು ಪೂರ್ತಿ ಮಲಗಿಸಿ. ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ವಾಪಸ್ ಬನ್ನಿ. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಕೊಯ್ಯುತ್ತದೆ, ಕತ್ತಿಯೂ ಹಾಳು. ಒತ್ತಬೇಡಿ, ಕತ್ತಿಯ ತೂಕವೇ ಸಾಕು. ಹೊಸಬರ ಪಟ್ಟಿಯಲ್ಲಿ ಗೀರು ಬೀಳುವುದು ಇದ್ದದ್ದೇ, ಹಾಗಾಗಿ ಮೊದಲ ಪಟ್ಟಿ ದುಬಾರಿಯದು ಬೇಡ. ಮೂರು ಇಂಚು ಅಗಲ ಇದ್ದರೆ ಕೆಲಸ ಸುಲಭ.

ಉಳಿದ ಸಾಮಾನು ಹೆಚ್ಚೇನಿಲ್ಲ. ಸಿಂಥೆಟಿಕ್ ಕೂದಲಿನ ಬ್ರಷ್ ಸಾಕು, ಬೇಗ ಒಣಗುತ್ತದೆ. ಟ್ಯೂಬ್ ಕ್ರೀಮ್ ಆದರೂ ಸರಿ, ಡಬ್ಬಿ ಸೋಪಾದರೂ ಸರಿ, ಡಬ್ಬಿಯಿಂದ ನೇರ ಬರುವ ಫೋಮ್ ಮಾತ್ರ ಬೇಡ, ಅದರಲ್ಲಿ ಜಾರು ಗುಣ ಕಡಿಮೆ. ಗ್ರಂದಿಗೆ ಅಂಗಡಿಯಿಂದ ಒಂದು ತುಂಡು ಪಟಿಕ ತಂದಿಡಿ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ನೊರೆ ಏಳುವುದಿಲ್ಲ, ಎದ್ದರೂ ನಿಲ್ಲುವುದಿಲ್ಲ. ನೊರೆಗೆ ಮಾತ್ರ ಫಿಲ್ಟರ್ ನೀರು ಒಂದು ಲೋಟ ಬಳಸಿ ನೋಡಿ, ವ್ಯತ್ಯಾಸ ಆಗಲೇ ಗೊತ್ತಾಗುತ್ತದೆ.

ಕನ್ನಡಿ ಮುಂದೆ

ಸ್ನಾನ ಆದ ಮೇಲೆ ಶೇವ್ ಮಾಡಿ, ಆಗ ಕೂದಲು ನೆನೆದು ಮೆತ್ತಗಾಗಿರುತ್ತದೆ. ಬೆರಳಾಡಿಸಿ ಕೂದಲು ಯಾವ ಕಡೆಗೆ ಬೆಳೆದಿದೆ ನೋಡಿಕೊಳ್ಳಿ. ಕೆನ್ನೆಯಲ್ಲಿ ಕೆಳಮುಖ ಇರುತ್ತದೆ, ಕತ್ತಿನಲ್ಲಿ ಹಲವರಿಗೆ ಅಡ್ಡಕ್ಕೂ ಮೇಲಕ್ಕೂ ಇರುತ್ತದೆ. ನೊರೆಯನ್ನು ಗಟ್ಟಿ ಮೊಸರಿನ ಹದಕ್ಕೆ ತಂದು ಮುಖಕ್ಕೆ ಹಚ್ಚಿ. ಗುಳ್ಳೆ ಗುಳ್ಳೆಯಾಗಿ ಹಗುರ ಇದ್ದರೆ ಇನ್ನೂ ತಿರುವಬೇಕು. ಕೈ ಒಣಗಿರಲಿ, ಒದ್ದೆ ಕೈಯಲ್ಲಿ ಕತ್ತಿ ಜಾರುತ್ತದೆ. ವಾಶ್‌ಬೇಸಿನ್‌ನಲ್ಲಿ ಒಂದು ಟವೆಲ್ ಹಾಸಿ. ಕತ್ತಿ ಕೈಯಿಂದ ಬಿದ್ದರೆ ಹಿಡಿಯಲು ಹೋಗಬೇಡಿ, ಬೀಳಲಿ ಬಿಡಿ.

ಹಿಡಿಯನ್ನು ಮೇಲಕ್ಕೆ ತೆರೆದು, ಅಲಗಿನ ಹಿಂದಿನ ಕಿರಿದಾದ ಕಂಬಿಯ ಮೇಲೆ ತೋರುಬೆರಳು, ನಡುಬೆರಳು, ಉಂಗುರ ಬೆರಳು ಇಡಿ. ಕೆಳಗೆ ಹೆಬ್ಬೆರಳು, ಹಿಂದಿನ ಬಾಲದ ಮೇಲೆ ಕಿರುಬೆರಳು. ಇನ್ನೊಂದು ಕೈಯಿಂದ ಕಿವಿಯ ಹತ್ತಿರ ಚರ್ಮವನ್ನು ಮೇಲಕ್ಕೆ ಎಳೆದು ಬಿಗಿ ಮಾಡಿ. ಚರ್ಮ ಸಡಿಲ ಇದ್ದರೆ ಎಂಥ ಹರಿತ ಕತ್ತಿಯೂ ತಡವರಿಸುತ್ತದೆ. ಕತ್ತಿಯನ್ನು ಕೆನ್ನೆಗೆ ಪೂರ್ತಿ ಮಲಗಿಸಿ, ಆಮೇಲೆ ಬೆನ್ನನ್ನು ಅದರ ದಪ್ಪದ ಎರಡರಷ್ಟು ಮಾತ್ರ ಎತ್ತಿ, ಸುಮಾರು 30 ಡಿಗ್ರಿ ಆಗುತ್ತದೆ. ಈಗ ಕೂದಲು ಬೆಳೆದ ಕಡೆಗೇ ಒಂದೊಂದು ಇಂಚಿನಷ್ಟು ಕೆಳಗೆ ತನ್ನಿ. ಒತ್ತಡ ಬೇಡ. ಕತ್ತಿಯನ್ನು ಯಾವತ್ತೂ ಅಡ್ಡಕ್ಕೆ, ಬಾಯಿಯ ಉದ್ದಕ್ಕೆ, ಜಾರಿಸಬೇಡಿ. ಕೊಯ್ಯುವುದು ಹಾಗೆಯೇ.

ಮೊದಲ ಕೆಲವು ಸಲ ಎರಡು ಕೆನ್ನೆ ಅಷ್ಟೇ. ಉಳಿದದ್ದನ್ನು ದಿನದ ರೇಜರ್‌ನಲ್ಲಿ ಮುಗಿಸಿ. ಅವಸರ ಇರುವ ಬೆಳಗ್ಗೆ, ನಿದ್ದೆಗೆಟ್ಟ ಬೆಳಗ್ಗೆ ಕತ್ತಿ ಮುಟ್ಟಲೇಬೇಡಿ, ಭಾನುವಾರದಂಥ ದಿನ ಒಳ್ಳೆಯದು. ಕೆನ್ನೆ ನಯವಾಗಿ, ಉರಿ ಇಲ್ಲದೆ ಬರತೊಡಗಿದ ಮೇಲೆ ದವಡೆಯ ಅಂಚಿಗೆ, ಅಲ್ಲಿಂದ ಕುತ್ತಿಗೆಗೆ ಇಳಿಯಿರಿ. ಮೇಲ್ತುಟಿ ಮತ್ತು ಗದ್ದ ಕೊನೆಗೆ. ಗದ್ದದ ಕೂದಲು ಎಲ್ಲಕ್ಕಿಂತ ಗಡುಸು, ಮೇಲಾಗಿ ಜಾಗವೇ ದುಂಡಗೆ, ಅಲ್ಲಿ ಪುಟ್ಟ ಪುಟ್ಟದಾಗಿ ಎಳೆಯಬೇಕು. ಉಲ್ಟಾ ದಿಕ್ಕಿಗೆ ಹೆರೆಯುವ ಆಸೆ ಸದ್ಯಕ್ಕೆ ಬೇಡ. ಮೊಡವೆ, ಮಚ್ಚೆ ಇರುವ ಕಡೆ ಸುತ್ತಿ ಹೋಗಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆಯಿಂದ ಗಾಯ ಬೇಗ ಮಾಯದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮುಗಿದ ಮೇಲೆ ತಣ್ಣೀರಲ್ಲಿ ಮುಖ ತೊಳೆದು ಪಟಿಕ ಸವರಿ. ಎಲ್ಲಿ ಚುರ್ ಅನ್ನುತ್ತದೋ ಅಲ್ಲಿ ನೀವು ಒತ್ತಿದ್ದೀರಿ ಅಂತ ಲೆಕ್ಕ, ಮುಂದಿನ ಸಲ ಆ ಜಾಗಕ್ಕೆ ಕೈ ಹಗುರ ಮಾಡಿ. ಕತ್ತಿಯನ್ನು ನಲ್ಲಿಗೆ ತಾಗಿಸದೆ ತೊಳೆಯಿರಿ, ತಾಗಿದರೆ ಚಕ್ಕೆ ಏಳುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಬಟ್ಟೆ ಎಳೆದು ಒರೆಸಿ, ಹಿಡಿ ಮಡಚುವ ಸಂದಿಯಲ್ಲೂ ತೇವ ಉಳಿಯಬಾರದು. ಸ್ವಲ್ಪ ಗಾಳಿಗೆ ಬಿಟ್ಟು ಆಮೇಲೆ ಮಡಚಿ. ಕೆಲವು ದಿನ ಬಳಸದೆ ಇಡುವುದಾದರೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ತೆಳ್ಳಗೆ ಸವರಿ, ಮುಂದಿನ ಶೇವ್‌ಗೆ ಮೊದಲು ಒರೆಸಿ ತೊಳೆದುಬಿಡಿ. ಬಚ್ಚಲುಮನೆಯಲ್ಲಿ ಇಡಬೇಡಿ, ಬೀರುವಿನಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಪಟ್ಟಿಗೆ ಉಜ್ಜಿದ ಮೇಲೂ ಕೂದಲು ಎಳೆಯಲು ಶುರುವಾಯಿತು ಅಂದರೆ ಮತ್ತೆ ಕಲ್ಲಿಗೆ ಕಳಿಸುವ ಹೊತ್ತು ಬಂತು ಅಂತ ತಿಳಿಯಿರಿ. ಚೆನ್ನಾಗಿ ಪಟ್ಟಿಗೆ ಉಜ್ಜುವವರಿಗೆ ಅದು ಹಲವು ತಿಂಗಳಿಗೊಮ್ಮೆ ಬರುತ್ತದೆ.